ಪ್ಲಗ್ ಕೀಳುವ ವ್ರತ

ಇಂದು ಬೆಳಿಗ್ಗೆಯೂ ಮೈಕ್ರೋವೇವ್‌ನ ಗಡಿಯಾರ ಸೊನ್ನೆಗಳನ್ನೇ ಮಿಟುಕಿಸುತ್ತ ನಿಂತಿತ್ತು. ಮಲಗುವ ಮುನ್ನ ಅಡುಗೆಮನೆಯ ಪ್ಲಗ್‌ಗಳನ್ನೆಲ್ಲ ಕಿತ್ತಿಡುವುದು ನಮ್ಮ ಯಜಮಾನರು ಈಚೆಗೆ ಹಿಡಿದಿರುವ ವ್ರತ. ಕೆಲಸವಿಲ್ಲದಾಗಲೂ ಆ ಗಡಿಯಾರ ಎರಡು ಮೂರು ವ್ಯಾಟ್ ಎಳೆದುಕೊಳ್ಳುತ್ತದೆಂದು ಎಲ್ಲೋ ಓದಿದಂದಿನಿಂದ, ಅದರ ಹಸಿರು ಅಂಕಿಗಳು ಕಣ್ಣಿಗೆ ಬಿದ್ದರೆ ಸಾಕು, ಮನೆಗೆ ಕಳ್ಳ ನುಗ್ಗಿದಂತೆ ಅವರು ಚಡಪಡಿಸುತ್ತಾರೆ.

ಅವರ ಮಾತು ಸುಳ್ಳಲ್ಲ. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕಲ್ಲವೇ? 3 ವ್ಯಾಟ್ ಇಡೀ ದಿನ ಹರಿದರೂ ಆಗುವುದು 72 ವ್ಯಾಟ್-ಗಂಟೆ. ಒಂದು ಲೀಟರ್ ನೀರನ್ನು ವಿದ್ಯುತ್ ಕೆಟಲ್‌ನಲ್ಲಿ ಕುದಿಸಲು ಹತ್ತಿರಹತ್ತಿರ 100 ವ್ಯಾಟ್-ಗಂಟೆ, ಅಂದರೆ ಯೂನಿಟ್ಟಿನ ಹತ್ತರಲ್ಲೊಂದು ಪಾಲು ಬೇಕು. ನಮ್ಮವರಾದರೋ ಒಂದು ಲೋಟ ಬಿಸಿನೀರಿಗೆ ಕೆಟಲನ್ನು ಕಂಠಮಟ್ಟ ತುಂಬಿಸಿ, ಅದು ಕುದಿದು ತಾನಾಗಿ ಆಫ್ ಆದದ್ದನ್ನು ಪತ್ರಿಕೆಯ ನಡುವೆ ಮರೆತು, ಆರಿದ ಮೇಲೆ ಮತ್ತೊಮ್ಮೆ ಗುಂಡಿ ಒತ್ತುತ್ತಾರೆ. ರಾತ್ರಿಯಿಡೀ ಕೂಡಿಟ್ಟದ್ದು ಆ ಒಂದು ಒತ್ತಿಗೇ ಖರ್ಚಾಗಿ, ಸಾಲವೂ ಉಳಿದಿರುತ್ತದೆ. ಗಡಿಯಾರಕ್ಕೆ ಸಮಯ ತುಂಬುವ ಕೆಲಸ ಮಾತ್ರ ನನ್ನದು.

ಉಳಿತಾಯದ ಹೆಸರಿನಲ್ಲೇ ಬಂದ ಇಂಡಕ್ಷನ್ ಒಲೆಯ ಬಗ್ಗೆ ನನಗೆ ತಕರಾರಿಲ್ಲ. ಅದು ನೇರವಾಗಿ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ಗ್ಯಾಸಿನಂತೆ ಅರ್ಧಕ್ಕರ್ಧ ಶಾಖ ಸುತ್ತಲಿನ ಗಾಳಿಗೆ ಹೋಗುವುದಿಲ್ಲ. ಅಯಸ್ಕಾಂತ ಅಂಟದ ಅಲ್ಯೂಮಿನಿಯಂ ಪಾತ್ರೆಗಳನ್ನು ಅದು ಪಾತ್ರೆಗಳೆಂದೇ ಒಪ್ಪದ ಕಾರಣ ನನ್ನ ಅರ್ಧ ಕಪಾಟು ಅಕಾಲ ನಿವೃತ್ತಿ ಪಡೆಯಿತು, ಅಷ್ಟೇ.

ಅಮ್ಮನಿಗೆ ವ್ಯಾಟ್ ಎಂದರೇನೆಂದು ಗೊತ್ತಿರಲಿಲ್ಲ. ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಮುಚ್ಚಿಬಿಡುತ್ತಿದ್ದಳು. ಕುದಿಯುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅದು ಬೇಗ ಆವಿಯಾದೀತೇ ಹೊರತು ಇನ್ನಷ್ಟು ಬಿಸಿಯಾಗದೆಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಅವಳಿದ್ದಿದ್ದರೆ ಅಳಿಯನ ಕೆಟಲ್ ನೋಡಿ ಏನೂ ಹೇಳದೆ ಅರ್ಧ ನೀರು ಚೆಲ್ಲಿಬಿಡುತ್ತಿದ್ದಳು.

ಮಧ್ಯಾಹ್ನ ಈ ಲೆಕ್ಕವನ್ನೆಲ್ಲ ಚೀಟಿಯಲ್ಲಿ ಬರೆದು ಯಜಮಾನರ ಮುಂದೆ ಹಿಡಿದೆ. ಏನು ಬೇಕೆಂದು ತಮಗೇ ತಿಳಿಯದೆ ಫ್ರಿಜ್‌ನ ಬಾಗಿಲು ಹಾರುಹೊಡೆದು, ಪ್ರತಿ ಅರೆಯನ್ನೂ ನಿಧಾನವಾಗಿ ಪರಿಶೀಲಿಸುತ್ತಿದ್ದ ಅವರು ಹಾಗೇ ನಿಂತು ಚೀಟಿ ಓದಿದರು. ತಣ್ಣನೆಯ ಗಾಳಿ ಇಳಿದಿಳಿದು ನನ್ನ ಪಾದ ಮುಟ್ಟಿತು. ಬಾಗಿಲು ಮುಚ್ಚಿರೆಂದು ಫ್ರಿಜ್ ಕೂಗತೊಡಗಿತು.

“ನೋಡಿದೆಯಾ, ಈ ಕೂಗಿಗೂ ಕರೆಂಟು ದಂಡ,” ಎಂದರು.