ಸ್ಥಾನಮಾನ ಸಮಾನತೆಗೆ ಎಷ್ಟು ಟವೆಲ್ ಬೇಕು?

ನವೆಂಬರ್ 26, ಸಂವಿಧಾನ ದಿನ ಬಂತೆಂದರೆ ಸಂವಿಧಾನದ ಪೀಠಿಕೆ ಓದಿಸಲೇಬೇಕು. ಇಡೀ ಪೀಠಿಕೆ ಒಂದೇ ವಾಕ್ಯ, ನಿಧಾನವಾಗಿ ಓದಿದರೂ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಉಳಿದ ಮೂರು ಗಂಟೆ ತುಂಬಿಸುವುದೇ ಆಯೋಜಕರ ಕಸುಬು.

ಮೊದಲು ಕುರ್ಚಿ. ವೇದಿಕೆಯ ಮುಂದಿನ ಸಾಲಿಗೆ ಸಿಂಹಾಸನದಂಥವು, ಹಿಂದಿನ ಸಾಲಿಗೆ ಕುಶನ್, ಕೆಳಗೆ ಪತ್ರಕರ್ತರಿಗೆ ಪ್ಲಾಸ್ಟಿಕ್, ಮಕ್ಕಳಿಗೆ ಜಮಖಾನ. ಮುಖ್ಯ ಅತಿಥಿಯ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿ. ಕಾರ್ಯಕ್ರಮ ಕೆಡುವುದು ಎರಡನೇ ಟವೆಲ್ಲಿನಲ್ಲಿ. ಶಾಸಕರಿಗೆ ಹಾಕಿ ಸಂಸದರಿಗೆ ಬಿಟ್ಟರೆ ಶಿಷ್ಟಾಚಾರ ಉಲ್ಲಂಘನೆ. ಇಬ್ಬರಿಗೂ ಹಾಕಿದರೆ ಜಿಲ್ಲಾಧಿಕಾರಿಯ ಬೆನ್ನು ಬರಿದು. ‘ಎಲ್ಲರಿಗೂ ಹಾಕೋಣ ಸಾರ್’ ಎಂದು ಹೊಸ ಗುಮಾಸ್ತ ಅಂದಾನು, ಅವನಿಗೆ ಬುದ್ಧಿ ಹೇಳಿ. ಎಲ್ಲರಿಗೂ ಹಾಕಿದ ಮೇಲೆ ಟವೆಲ್ಲಿಗೆ ಏನು ಬೆಲೆ? ಪೀಠಿಕೆಯ ‘ಸ್ಥಾನಮಾನ ಹಾಗೂ ಅವಕಾಶ ಸಮಾನತೆ’ ಹಿಂದಿನ ಫ್ಲೆಕ್ಸಿನಲ್ಲಿದ್ದರೆ ಸಾಕು, ಅದೂ ಫೋಟೊಗಳ ನಡುವೆ ಜಾಗ ಉಳಿದರೆ.

ಆಹ್ವಾನ ಪತ್ರಿಕೆಗೆ ಹೆದರಬೇಡಿ. ಸೇನೆ, ವಿದ್ಯೆಯವನ್ನು ಬಿಟ್ಟು ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ ಎನ್ನುತ್ತದೆ 18ನೇ ವಿಧಿ. ಪುಣ್ಯಕ್ಕೆ, ಹೆಸರಿನ ಹಿಂದೆ ‘ಸನ್ಮಾನ್ಯ’, ‘ಜನಪ್ರಿಯ’, ‘ಘನ ಉಪಸ್ಥಿತಿ’ ಪೇರಿಸಬಾರದು ಅಂತ ಎಲ್ಲೂ ಇಲ್ಲ.

ಸಮಯ 10.30 ಎಂದು ಅಚ್ಚು ಹಾಕಿಸಿ. ಅತಿಥಿ ಊರು ತಲುಪುವುದು ಹನ್ನೆರಡಕ್ಕೆ. ಬುಧವಾರವಾದರೆ 12ರಿಂದ 1.30ರವರೆಗೆ ರಾಹುಕಾಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ ಎನ್ನುವ 51ಎ ವಿಧಿಯ ಬಗ್ಗೆ ಭಾಷಣ ಮಾಡಬೇಕಾದವರು ಅದು ಕಳೆಯುವ ತನಕ ಪ್ರವಾಸಿ ಮಂದಿರದಲ್ಲಿ ಎಳನೀರು ಕುಡಿಯುತ್ತಾರೆ. ಮಕ್ಕಳು ಬಿಸಿಲಲ್ಲಿ ಕೂತಿರಲಿ. ಪೀಠಿಕೆ ಎಣಿಸಿ ಕೊಟ್ಟಿರುವ ಸ್ವಾತಂತ್ರ್ಯಗಳು ಐದೇ: ವಿಚಾರ, ಅಭಿವ್ಯಕ್ತಿ, ವಿಶ್ವಾಸ, ಧರ್ಮಶ್ರದ್ಧೆ, ಉಪಾಸನೆ. ಒಂದಕ್ಕೆ ಎದ್ದು ಹೋಗುವುದು ಅದರಲ್ಲಿ ಬರುವುದಿಲ್ಲ.

ಇನ್ನು ಓದು. ಎಲ್ಲರೂ ಬಲಗೈ ಮುಂದೆ ಚಾಚಬೇಕು, ಫೋಟೊಗೆ ಅದೇ ಮುಖ್ಯ. ಹೇಳಿಕೊಡುವವರ ಹಾಳೆಯಲ್ಲಿ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪೆನ್ನಿನಿಂದ ಗೀಟು ಹಾಕಿಡಿ, ಇಲ್ಲದಿದ್ದರೆ ‘ಸಾಮಾಜಿಕ, ಆರ್ಥಿಕ’ದಲ್ಲೇ ದಮ್ಮು ಕಟ್ಟಿ ‘ನ್ಯಾಯ’ ಕೇಳಿಸುವುದೇ ಇಲ್ಲ. ಅಪಘಾತ ವಲಯವೆಂದರೆ ‘ಅಧಿನಿಯಮಿಸಿ’. ಅಲ್ಲಿ ಅತಿಥಿಯ ನಾಲಿಗೆ ತೊಡರಿದರೆ ಮಕ್ಕಳೂ ಹಾಗೇ ತೊದಲಿ ಒಪ್ಪಿಸುತ್ತಾರೆ, ಯಾರೂ ನಗಕೂಡದು. ‘ನಮಗೆ ನಾವೇ ಅರ್ಪಿಸಿಕೊಳ್ಳುತ್ತೇವೆ’ ಮುಗಿಯುವ ಹೊತ್ತಿಗೆ ಕಾರು ಸ್ಟಾರ್ಟ್ ಆಗಿರಲಿ.

ಆಮೇಲೆ ಟವೆಲ್‌ಗಳನ್ನು ಎಣಿಸಿ ಕಚೇರಿಗೆ ತನ್ನಿ, ದಾಸ್ತಾನು ಪುಸ್ತಕದಲ್ಲಿ ಅವುಗಳ ಲೆಕ್ಕವಿದೆ. ಪೀಠಿಕೆಯ ಹಾಳೆಗಳನ್ನು ಹುಡುಕಬೇಡಿ. ಅವು ಚಿತ್ರಾನ್ನ ಕಟ್ಟುವುದಕ್ಕೆ ಹೋಗಿರುತ್ತವೆ.