ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ

ಸಿಟ್ಟು ಇನ್ನೂ ಇಳಿದಿಲ್ಲ, ಆದ್ರೂ ಬರೀತಿದೀನಿ. ನಾನು ಬ್ಲಡ್ ಡೋನರ್‌ಗಳ ವಾಟ್ಸಾಪ್ ಗ್ರೂಪ್ ನೋಡ್ಕೊಳ್ಳೋದು ನಿಮಗೆಲ್ಲ ಗೊತ್ತೇ ಇದೆ. ಕೀಮೋ ತಗೋತಿರೋ ಒಬ್ಬ ಹುಡುಗನಿಗೆ ನಿನ್ನೆ ಎಸ್‌ಡಿಪಿ ಬೇಕಿತ್ತು, ಅಂದ್ರೆ ಒಬ್ಬರೇ ಡೋನರ್‌ನಿಂದ ಮಷಿನ್‌ನಲ್ಲಿ ಬರೀ ಪ್ಲೇಟ್‌ಲೆಟ್ ತೆಗೆಯೋದು. ಒಬ್ರು "ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರ್ತೀನಿ, ಟೆನ್ಷನ್ ಮಾಡ್ಕೋಬೇಡಿ" ಅಂದಿದ್ರು. ಹನ್ನೊಂದಾದ್ರೂ ಆಸಾಮಿ ಪತ್ತೆ ಇಲ್ಲ. ಆಮೇಲೆ ಫೋನೂ ಸ್ವಿಚ್ಡ್ ಆಫ್.

ಹುಡುಗನ ಅಪ್ಪ, ಬರೋರಿಗೆ ಅಂತ ಎರಡು ಎಳನೀರು ಕವರ್‌ನಲ್ಲಿ ಹಿಡ್ಕೊಂಡು ಬ್ಲಡ್ ಬ್ಯಾಂಕ್ ಬಾಗಿಲಲ್ಲೇ ನಿಂತಿದ್ರು. ಹೆಲ್ಮೆಟ್ ಕೈಲಿ ಹಿಡಿದು ಯಾರು ಒಳಗೆ ಬಂದ್ರೂ "ಸಾರ್, ನೀವೇನಾ?" ಅಂತ ಹತ್ರ ಹೋಗೋರು. ನಂಗೆ ಅವರ ಮುಖ ನೋಡೋಕಾಗ್ಲಿಲ್ಲ.

ಆಗಲ್ಲ ಅಂದಿದ್ರೆ ಹಿಂದಿನ ರಾತ್ರಿನೇ ಬೇರೆಯವರನ್ನ ಹುಡುಕ್ತಿದ್ವಿ. ಬರ್ತೀನಿ ಅಂದ್ರಲ್ಲ, ಅದಕ್ಕೇ ಹುಡುಕೋದು ನಿಲ್ಲಿಸಿದ್ವಿ, ಡೋನರ್ ಸಿಕ್ಕಿದ್ರು ಅಂತ ಗ್ರೂಪಲ್ಲಿ ಹಾಕಿದ್ವಿ, ರೆಡಿ ಇದ್ದೋರೂ ಬೆಳಿಗ್ಗೆ ಡ್ಯೂಟಿಗೆ ಹೋದ್ರು. ಇದು ಬಂದ ತಕ್ಷಣ ಸೂಜಿ ಚುಚ್ಚಿ ಮುಗಿಸೋ ಕೆಲಸ ಅಲ್ಲ ಕಣ್ರೀ, ಡೋನರ್ ರಕ್ತದಲ್ಲಿ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷದ ಮೇಲಿರಬೇಕು, ಎಚ್‌ಐವಿ, ಹೆಪಟೈಟಿಸ್ ಟೆಸ್ಟ್ ಆಗ್ಬೇಕು, ಹಿಂದಿನ 3 ದಿನ ಆಸ್ಪಿರಿನ್ ತಗೊಂಡಿರಬಾರದು, ಕೈಯಲ್ಲಿ ನರ ಸರಿಯಾಗಿ ಸಿಗಬೇಕು, ಆಮೇಲೆ ಮಷಿನ್ ಪಕ್ಕ ಒಂದು ಗಂಟೆ ಮೇಲೇ ಮಲಗಬೇಕು. ಮುಂಚೆನೇ ತೆಗೆದಿಟ್ಕೊಳ್ಳೋಣ ಅಂದ್ರೆ ಪ್ಲೇಟ್‌ಲೆಟ್ 5 ದಿನಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ. ಅಂಥದ್ರಲ್ಲಿ ಅರ್ಧ ದಿನ ಹೋಯ್ತು!

"ಎಲ್ರಿಗೂ ಅವರವರ ತಾಪತ್ರಯ ಇರುತ್ತೆ ಬಿಡಿ" ಅಂತೀರಾ? ಇರುತ್ತೆ. ಮ್ಯಾನೇಜರ್ ಬಿಟ್ಟಿರಲಿಕ್ಕಿಲ್ಲ, ಮನೇಲಿ ಬೇಡ ಅಂದಿರಬಹುದು, ಕೊನೇ ಗಳಿಗೇಲಿ ಭಯ ಆಗಿರಬಹುದು. ಯಾವುದಕ್ಕೂ ನನ್ನ ತಕರಾರಿಲ್ಲ. ಫೋನ್ ಆಫ್ ಮಾಡೋ ಮುಂಚೆ "ಆಗ್ತಿಲ್ಲ" ಅಂತ ಒಂದು ಮೆಸೇಜ್ ಹಾಕೋಕೆ ಏನಾಗಿತ್ತು ಅಂತಷ್ಟೇ ನಾನು ಕೇಳ್ತಿರೋದು. ದಾಕ್ಷಿಣ್ಯಕ್ಕೆ ಹೂಂ ಅನ್ನೋದನ್ನ ನಾವು ಒಳ್ಳೇತನ ಅಂದ್ಕೊಂಡುಬಿಟ್ಟಿದೀವಿ, ಅದರ ಕಷ್ಟ ಬಾಗಿಲಲ್ಲಿ ನಿಂತ ಆ ಅಪ್ಪನಿಗೆ.

ಸಂಜೆ ಇನ್ನೊಬ್ರು ಕೆಲಸ ಮುಗಿಸಿ ಸೀದಾ ಬಂದು ಕೊಟ್ರು, ಅವರಿಗೆ ಕೈ ಮುಗೀತೀನಿ.

ಇವತ್ತಿಂದ ಗ್ರೂಪಲ್ಲಿ "ನೋಡ್ತೀನಿ", "ಟ್ರೈ ಮಾಡ್ತೀನಿ" ಅಂದವರ ಹೆಸರು ಲಿಸ್ಟಿಗೆ ಹಾಕಲ್ಲ. ಒಪ್ಪಿಕೊಂಡವರಿಗೂ ರಾತ್ರಿ ಒಂದ್ಸಲ, ಬೆಳಿಗ್ಗೆ ಒಂದ್ಸಲ ಫೋನ್ ಮಾಡ್ತೀನಿ, ಇನ್ನೊಬ್ಬರನ್ನ ಸ್ಟ್ಯಾಂಡ್‌ಬೈ ಇಟ್ಕೋತೀನಿ. ಬೇಜಾರು ಮಾಡ್ಕೋಬೇಡಿ. ಆಗಲ್ಲ ಅಂದೋರಿಗೆ ಯಾಕೆ ಅಂತ ನಾನು ಯಾವತ್ತೂ ಕೇಳಲ್ಲ.