ಸಿಗರೇಟಿನ ಪಾಪಕ್ಕೆ ಸಿ ವಿಟಮಿನ್ ಪ್ರಾಯಶ್ಚಿತ್ತ

ಗೂಡಂಗಡಿಯೂ ಮೆಡಿಕಲ್ ಸ್ಟೋರೂ ಅಕ್ಕಪಕ್ಕ ಇರುವುದರಲ್ಲಿ ಒಂದು ಅನುಕೂಲವಿದೆ: ಪಾಪಕ್ಕೂ ಪ್ರಾಯಶ್ಚಿತ್ತಕ್ಕೂ ನಡುವೆ ಮೂರೇ ಹೆಜ್ಜೆ. ಕಂಬಕ್ಕೆ ಕಟ್ಟಿದ ಲೈಟರಿನಲ್ಲಿ ಒಂದು ಹಚ್ಚಿ, ಎಳೆದು, ತುಂಡು ತುಳಿದು, ಪಕ್ಕಕ್ಕೆ ಸರಿದು ‘ಆ್ಯಂಟಿಆಕ್ಸಿಡೆಂಟ್ ಏನಾದ್ರೂ ಕೊಡಿ ಸಾರ್’ ಎಂದರೆ ಲೆಕ್ಕ ಚುಕ್ತಾ. ಕೈಗೆ ಬರುವುದು ಹೊಗೆಯ ಹಾನಿಯನ್ನು ತಡೆಯುತ್ತದೆಂದು ನಂಬಿ ನುಂಗುವ ಸಿ ವಿಟಮಿನ್ನಿನಂಥ ಮಾತ್ರೆ.

ಪೊಟ್ಟಣದ ಶೇ 85 ಭಾಗ ಎಚ್ಚರಿಕೆಯ ಚಿತ್ರವೇ ಇರಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಬಿಡಿ ಸಿಗರೇಟು ಮಾರಕೂಡದೆಂದು ಕರ್ನಾಟಕ ಸರ್ಕಾರ 2017ರಲ್ಲೇ ಆದೇಶಿಸಿದೆ. ಆದರೂ ಗಿರಾಕಿಯ ಬೆರಳಿಗೆ ಬರುವುದು ಒಂಟಿ ಸಿಗರೇಟೇ. ಆ ಭೀಕರ ಚಿತ್ರವನ್ನು ಬೆಳಗಿನಿಂದ ರಾತ್ರಿವರೆಗೆ ನೋಡುವ ಶಿಕ್ಷೆ ಅಂಗಡಿಯವನ ಪಾಲಿಗೆ. ಅತ್ತ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿಗೆ ಒಳ್ಳೆ ದರ ಸಿಗಲೆಂದು ಕೇಂದ್ರದ ತಂಬಾಕು ಮಂಡಳಿಯೇ ಹರಾಜು ನಡೆಸುತ್ತದೆ.

ಇರಲಿ, ಮಾತ್ರೆಗೆ ಬರೋಣ. ರಕ್ತನಾಳದ ಒಳಗೋಡೆಗೆ ಎಂಡೋಥೀಲಿಯಂ ಎಂಬ ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಸ್ತರಿ ಇದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತಿದ್ದರೆ ನಾಳ ಸಡಿಲವಾಗಿರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದಿಲ್ಲ. ಅಸ್ತರಿ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯೂ ಸರಳ. ಮುಂಗೈಗೆ ಬಿ.ಪಿ. ಪಟ್ಟಿ ಬಿಗಿದು 5 ನಿಮಿಷ ರಕ್ತ ತಡೆಯಬೇಕು, ಥಟ್ಟನೆ ಬಿಡಬೇಕು, ಮೊಣಕೈ ಮೇಲಿನ ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ಅಳೆಯಬೇಕು. ಬೇರೇನೂ ಕಾಯಿಲೆಯಿಲ್ಲದ ಹರೆಯದವರಲ್ಲೂ, ಸೇದಿದ್ದು ಹೆಚ್ಚಿದಷ್ಟೂ ಈ ಹಿಗ್ಗುವಿಕೆ ಕಮ್ಮಿ.

ಕಾರಣ ಸೂಪರ್‌ಆಕ್ಸೈಡ್, ಆಮ್ಲಜನಕದ ಒಂದು ಪುಂಡ ರೂಪ; ಇಂಥ ಪುಂಡ ಕಣಗಳಿಗೇ ಫ್ರೀ ರ್ಯಾಡಿಕಲ್ ಎನ್ನುವುದು. ಹೊಗೆಯಲ್ಲಿರುವ ಫ್ರೀ ರ್ಯಾಡಿಕಲ್‌ಗಳು ಸಾಲದೆಂಬಂತೆ, ಹೊಗೆಯ ಕಾಟಕ್ಕೆ ಆ ಅಸ್ತರಿಯೂ ಇದನ್ನು ತಯಾರಿಸತೊಡಗುತ್ತದೆ. ನೈಟ್ರಿಕ್ ಆಕ್ಸೈಡ್ ಕಂಡರೆ ಸಾಕು, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ಹಿಡಿದುಬಿಡುತ್ತದೆ. ಸಿ ವಿಟಮಿನ್ನೂ ಸೂಪರ್‌ಆಕ್ಸೈಡನ್ನು ಹಿಡಿಯಬಲ್ಲದು, ಆದರೆ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು ನಿಧಾನವಾಗಿ. ಅದು ಮೆಟ್ಟಿಲು ಹತ್ತುವಷ್ಟರಲ್ಲಿ ಬಸ್ಸು ಮುಂದಿನ ಊರಿನಲ್ಲಿರುತ್ತದೆ.

ನೇರವಾಗಿ ಕೈಯ ಅಪಧಮನಿಗೇ ಸಿ ವಿಟಮಿನ್ ಹರಿಸಿದಾಗ ಸೇದುವವರ ನಾಳ ಚೆನ್ನಾಗಿ ಹಿಗ್ಗಿದ್ದು ನಿಜ, 1996ರಲ್ಲೇ ಕಂಡದ್ದು. ಕೆಲಸ ಮಾಡಿದ್ದು ಪ್ರಮಾಣ: ಬಸ್ಸಿನ ತುಂಬ ಸಿ ವಿಟಮಿನ್ನೇ ಇದ್ದರೆ ಟವೆಲ್ ಎಸೆಯುವವನಿಗೆ ಜಾಗವೆಲ್ಲಿ? ಬಾಯಿಂದ ನುಂಗಿದರೆ ಆ ಪ್ರಮಾಣ ಬರುವುದಿಲ್ಲ. ದಿನಕ್ಕೆ 400 ಮಿ.ಗ್ರಾಂ ಆಸುಪಾಸಿಗೆ ರಕ್ತ ಬಹುತೇಕ ತುಂಬಿರುತ್ತದೆ, ಮಿಕ್ಕಿದ್ದು ಮೂತ್ರಕ್ಕೆ, ಅಲ್ಲಿಂದ ಪುರಸಭೆಯ ಚರಂಡಿಗೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಮ್ಮೆಗೆ 2 ಗ್ರಾಂ ನುಂಗಿಸಿದಾಗ ಎರಡು ಗಂಟೆಯಲ್ಲಿ ನಾಳ ಸುಧಾರಿಸಿತು. ದಿನಾ 1 ಗ್ರಾಂನಂತೆ 8 ವಾರ ಕೊಟ್ಟು ನೋಡಿದರೆ ಲಾಭ ಮಾಯ. ಸೇದುವವರಿಗೆ ಸಿ ವಿಟಮಿನ್ ದಿನಕ್ಕೆ 35 ಮಿ.ಗ್ರಾಂ ಹೆಚ್ಚು ಬೇಕೆಂದು ಅಮೆರಿಕದವರ ಲೆಕ್ಕವಿದೆ. ಅಷ್ಟಕ್ಕೆ ಒಂದು ಸೀಬೆಹಣ್ಣಿನ ಚೂರು ಸಾಕು.

ನುಂಗಿದ್ದು ವ್ಯರ್ಥವಾದರೂ ಹಾನಿಯಿಲ್ಲವಲ್ಲ ಎನ್ನುವವರು ಫಿನ್ಲೆಂಡಿಗೆ ಹೋಗಿಬರಬೇಕು. ಅಲ್ಲಿ ಸೇದುವ 29,133 ಗಂಡಸರಲ್ಲಿ ಒಂದು ಭಾಗಕ್ಕೆ ದಿನಾ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ (ದೇಹ ಎ ವಿಟಮಿನ್ ಮಾಡಿಕೊಳ್ಳುವ ವಸ್ತು, ಇದೂ ಆ್ಯಂಟಿಆಕ್ಸಿಡೆಂಟೇ) ಕೊಟ್ಟು 5ರಿಂದ 8 ವರ್ಷ ನೋಡಿದರು. 1994ರಲ್ಲಿ ಬಂದ ಫಲಿತಾಂಶ: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18 ಹೆಚ್ಚು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಬ್ರಿಟನ್ನಿನಲ್ಲಿ 20,536 ಮಂದಿಯಲ್ಲಿ ಇ ಮತ್ತು ಸಿ ವಿಟಮಿನ್, ಬೀಟಾ ಕ್ಯಾರೊಟಿನ್ ಮೂರನ್ನೂ ಒಟ್ಟಿಗೆ ಪರೀಕ್ಷಿಸಿದ ಪ್ರಯೋಗದಲ್ಲಿ ಹೃದಯಾಘಾತ ಒಂದಿಷ್ಟೂ ತಗ್ಗಲಿಲ್ಲ.

ಇನ್ನು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟುವ ಕಾರ್ಬನ್ ಮಾನಾಕ್ಸೈಡ್, ನಾಡಿ ಏರಿಸುವ ನಿಕೋಟಿನ್, ಇವುಗಳ ತಂಟೆಗೆ ಯಾವ ವಿಟಮಿನ್ನೂ ಹೋಗುವುದಿಲ್ಲ. ಸೇದುವುದು ಬಿಟ್ಟರೆ ಆ ಮಾನಾಕ್ಸೈಡ್ ಒಂದೆರಡು ದಿನದಲ್ಲಿ ತಾನೇ ಜಾಗ ಖಾಲಿ ಮಾಡುತ್ತದೆ. ಸೇದುವುದು ಬಿಡುವುದಕ್ಕೆ ಬಿಲ್ ಹಾಕಲು ಬರುವುದಿಲ್ಲ, ಹಾಗಾಗಿ ಮೆಡಿಕಲ್ಲಿನ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ.

ಅಂದಹಾಗೆ ಎರಡು ರೂಪಾಯಿ ಚಿಲ್ಲರೆ ಇಲ್ಲದಾಗ ಮೆಡಿಕಲ್ಲಿನವರು ಕೈಗಿಡುವುದೂ ಕಿತ್ತಳೆ ರುಚಿಯ ಇದೇ ಚೀಪುವ ಮಾತ್ರೆಯನ್ನೇ. ಅದರ ಬೆಲೆ ಸರಿಯಾಗಿ ಕಟ್ಟಿದವರು ಅವರೊಬ್ಬರೇ.